ಆಬ್ಜೆಕ್ಟ್‌ಗಳ ಅರೇ: ಇತಿಹಾಸ

ಒಂದೇ ಕ್ಲಾಸಿಗೆ ಸೇರಿದ ಹಲವು ಆಬ್ಜೆಕ್ಟ್‌ಗಳನ್ನು ಒಂದು ಹೆಸರಿನಡಿ ಸಾಲಾಗಿ ಇಟ್ಟು, ಕ್ರಮಸಂಖ್ಯೆಯಿಂದ ಗುರುತಿಸುವ ಪ್ರೋಗ್ರಾಮಿಂಗ್ ವಿಧಾನ. ಇದನ್ನು ವಿವರಿಸಲು ಹಾವೇರಿ ಜಿಲ್ಲೆಯ ಬ್ಯಾಡಗಿ ಎಪಿಎಂಸಿಯ ಮೆಣಸಿನಕಾಯಿ ಟೆಂಡರಿಗಿಂತ ತಕ್ಕ ಉದಾಹರಣೆ ಸಿಗಲಾರದು. ಅಲ್ಲಿ ರೈತ ತಂದ ಮಾಲಿಗೆ ಲಾಟ್ ಸಂಖ್ಯೆ ಬೀಳುತ್ತದೆ. ರೈತನ ಹೆಸರು, ದಲಾಲಿ ಅಂಗಡಿ, ಡಬ್ಬಿಯೋ ಕಡ್ಡಿಯೋ ಎಂಬ ತಳಿ, ಚೀಲಗಳ ಲೆಕ್ಕ, ಖರೀದಿದಾರರು ಹಾಕಿದ ದರ ಎಲ್ಲವೂ ಆ ಸಂಖ್ಯೆಯ ಜೊತೆಗಿರುತ್ತವೆ. ಲಾಟ್ ಒಂದು ಆಬ್ಜೆಕ್ಟ್ ಆದರೆ, ಆ ದಿನದ ಆವಕವೇ ಅರೇ.

1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯ ಅರೇಗಳಲ್ಲಿ ಒಂದೇ ಬಗೆಯ ಮೌಲ್ಯಗಳಿಗೆ ಮಾತ್ರ ಜಾಗ. ಹೀಗಾಗಿ ತೂಕಕ್ಕೊಂದು, ದರಕ್ಕೊಂದು ಅರೇ ಬೇಕಿತ್ತು. ದರದ ಅರೇಯನ್ನು ಏರಿಕೆ ಕ್ರಮಕ್ಕೆ ಜೋಡಿಸಿ ತೂಕದ್ದನ್ನು ಹಾಗೇ ಬಿಟ್ಟರೆ ಒಬ್ಬನ ಮಾಲಿಗೆ ಇನ್ನೊಬ್ಬನ ದರ! ಕೋಬಾಲ್, ಮುಂದೆ 1970ರ ಪ್ಯಾಸ್ಕಲ್, ವಿವರಗಳನ್ನೆಲ್ಲ ಒಂದೇ ರೆಕಾರ್ಡಿನಲ್ಲಿ ಕಟ್ಟಿ ಈ ತೊಡಕು ನೀಗಿಸಿದವು. ಆದರೆ ಲೆಕ್ಕ ಮಾಡುವ ವಿಧಿಗಳು ರೆಕಾರ್ಡಿನ ಹೊರಗೇ ಉಳಿದವು.

ಅವನ್ನೂ ಒಳಗೆ ತಂದದ್ದು ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67. ಅದರ ಅರೇಯಲ್ಲಿ ಇರುತ್ತಿದ್ದುದು ಆಬ್ಜೆಕ್ಟ್ ಅಲ್ಲ, ಅದನ್ನು ತೋರುವ ರೆಫರೆನ್ಸ್. ಬ್ಯಾರ್ನೆ ಸ್ಟ್ರೌಸ್ಟ್ರಪ್ ಅವರ ಸಿ++ (1985) ಬೇರೆ ದಾರಿ ಹಿಡಿದು ಆಬ್ಜೆಕ್ಟ್‌ಗಳನ್ನೇ ಮೆಮೊರಿಯಲ್ಲಿ ಒತ್ತೊತ್ತಾಗಿ ಕೂರಿಸಿತು. ಇದರಿಂದ ವೇಗ ಹೆಚ್ಚು. ಆದರೆ ಉಪಕ್ಲಾಸಿನ ಆಬ್ಜೆಕ್ಟನ್ನು ಮೂಲಕ್ಲಾಸಿನ ಅರೇಗೆ ನಕಲಿಸಿದರೆ ಅದರ ಹೆಚ್ಚುವರಿ ವಿವರ ಕತ್ತರಿಸಿ ಹೋಗುತ್ತದೆ.

1995ರಲ್ಲಿ ಹೊರಬಂದ ಜಾವಾ ಮತ್ತೆ ರೆಫರೆನ್ಸ್‌ಗೆ ಮರಳಿತು. ಕಲಿಯುವವರು ಹೆಚ್ಚು ಎಡವುವುದು ಇಲ್ಲಿಯೇ: 500 ಲಾಟ್‌ಗಳ ಅರೇ ಸೃಷ್ಟಿಸಿದರೂ ಒಂದು ಲಾಟ್ ಸಹ ಹುಟ್ಟಿರುವುದಿಲ್ಲ, ಇರುವುದು 500 ಖಾಲಿ ಜಾಗ. ಪ್ರತಿಯೊಂದು ಆಬ್ಜೆಕ್ಟನ್ನೂ ಬೇರೆಯಾಗಿ ಸೃಷ್ಟಿಸಿ ಅಲ್ಲಿ ಸೇರಿಸಬೇಕು. ಇಂಥ ಶೂನ್ಯ ರೆಫರೆನ್ಸನ್ನು 1965ರಲ್ಲಿ ಅಲ್ಗಾಲ್ ಡಬ್ಲ್ಯು ಭಾಷೆಗೆ ತಂದ ಟೋನಿ ಹೋರ್, 2009ರಲ್ಲಿ ಅದು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು.

ಅರೇಯ ಗಾತ್ರವನ್ನು ಮೊದಲೇ ಹೇಳಬೇಕಾದದ್ದು ಇನ್ನೊಂದು ಮಿತಿ. ಎಷ್ಟು ಮಾಲು ಬರುತ್ತದೆಂದು ಬೆಳಗ್ಗೆಯೇ ಯಾರು ಬಲ್ಲರು? ಬೇಕಾದಂತೆ ಬೆಳೆಯುವ ಅರೇಲಿಸ್ಟ್ 1998ರಲ್ಲಿ ಜಾವಾ ಸೇರಿತು. ಅದೇ ವರ್ಷ ಸಿ++ನ ಮೊದಲ ಮಾನಕದಲ್ಲಿ ವೆಕ್ಟರ್ ಬಂತು.

ಇಂಥ ಲಾಟ್‌ಗಳ ಟೆಂಡರಿಗಾಗಿ ಕರ್ನಾಟಕದ ಎಪಿಎಂಸಿಗಳನ್ನು ಆನ್‌ಲೈನಿನಲ್ಲಿ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಯಿತು. ಆದರೂ ತರಗತಿಗಳಲ್ಲಿ ಈ ಪಾಠ ಸಾಮಾನ್ಯವಾಗಿ ವಿದ್ಯಾರ್ಥಿಗಳ ಅಂಕಪಟ್ಟಿಯ ಉದಾಹರಣೆಯಲ್ಲೇ ಮುಗಿಯುತ್ತದೆ. ಹಾವೇರಿ, ರಾಣೆಬೆನ್ನೂರಿನ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರು ಮೊದಲ ಅರೇಯನ್ನು ಬ್ಯಾಡಗಿಯ ಲಾಟ್‌ಗಳಿಂದಲೇ ಬರೆಯಿಸಲಿ.