ಹೆಪ್ಪುಗಟ್ಟಿದ ನೆಲದಲ್ಲಿ ಅಡಿಪಾಯ

ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು ಎಂಬುದು ನಮ್ಮ ಗೌಂಡಿಗಳ ಹಳೆಯ ಪಾಠ. ಆದರೆ ಸಿಕ್ಕ ಗಟ್ಟಿ ನೆಲ ಗಟ್ಟಿಯಾಗಿಯೇ ಉಳಿಯುತ್ತದೆಂಬ ಭರವಸೆ ಎಲ್ಲ ಕಡೆಯೂ ಇಲ್ಲ. ಧಾರವಾಡ, ಗದಗ, ವಿಜಯಪುರಗಳ ಎರೆಭೂಮಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಗೋಡೆಗಳನ್ನೇ ಸೀಳುತ್ತದೆ. ಕೋರಾಡಿಯಲ್ಲಿ ನೆಲೆಸಿರುವ ನಮಗೆ ನಾಗಪುರ ಸೀಮೆಯ ಕರಿಮಣ್ಣೂ ಅದೇ ಬಳಗದ್ದು. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳನ್ನು ಬಳಕೆಗೆ ತಂದರು. ಮೇಲಿನ ಮಣ್ಣು ಹಿಗ್ಗಲಿ, ಕುಗ್ಗಲಿ, ಕಂಬದ ಬುಡ ಅಲುಗದ ಆಳದಲ್ಲಿ ನಿಂತಿರುತ್ತದೆ. ಹೀಗೆ ನೆಲದೊಳಕ್ಕೆ ಇಳಿಸುವ ಕಂಬಕ್ಕೆ ಇಂಜಿನಿಯರುಗಳು ಪೈಲ್ ಎನ್ನುತ್ತಾರೆ.

ಮೇ ತಿಂಗಳ 45 ಡಿಗ್ರಿ ಬಿಸಿಲಿನಲ್ಲಿ ಬೇಯುವ ನಮಗೆ ಊಹೆಗೂ ನಿಲುಕದ ಚಳಿಯ ಸೀಮೆಯಲ್ಲಿ ಇದೇ ಪೈಲಿಗೆ ಬೇರೊಂದು ಚರಿತ್ರೆಯಿದೆ. ಸೈಬೀರಿಯದ ಯಾಕುತ್ಸ್ಕ್ ಪಟ್ಟಣದಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ ಕಂಪನಿಯ ನೌಕರನೊಬ್ಬ ನೀರಿಗಾಗಿ ಬಾವಿ ತೋಡಿಸತೊಡಗಿದ. 1837ರ ವೇಳೆಗೆ ಬಾವಿ 116 ಮೀಟರು ಇಳಿದಿತ್ತು; ನೀರು ಮಾತ್ರ ಬರಲಿಲ್ಲ, ತಳದಲ್ಲಿಯೂ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟಿಯೇ ಇತ್ತು! ನೀರು ಕೊಡದ ಆ ಬಾವಿ ವಿಜ್ಞಾನಕ್ಕೆ ಒದಗಿತು. ಮಿಡೆಂಡಾರ್ಫ್ ಎಂಬ ಪರಿಶೋಧಕ ಅದರೊಳಗೆ ಬೇರೆಬೇರೆ ಆಳದಲ್ಲಿ ಉಷ್ಣತೆಯನ್ನು ಅಳೆದು, ವರ್ಷವಿಡೀ ಕರಗದ ನೆಲವೊಂದು ಉಂಟೆಂಬುದನ್ನು ಯುರೋಪಿನ ಪಂಡಿತರಿಗೆ ಮನಗಾಣಿಸಿದ.

ಇಂಥ ನೆಲ ಹೆಪ್ಪುಗಟ್ಟಿರುವ ತನಕ ಬಂಡೆಯಷ್ಟೇ ಬಲವುಳ್ಳದ್ದು. ಕರಗಿತೋ, ಬರಿಯ ರಾಡಿ. ಅದನ್ನು ಕರಗಿಸುವುದು ಬೇರೆ ಯಾರೂ ಅಲ್ಲ, ಅದರ ಮೇಲೆ ಮನೆ ಕಟ್ಟಿ ಒಲೆ ಹಚ್ಚಿದವನೇ. ಕೋಣೆಯ ಬೆಚ್ಚನೆಯ ಶಾಖ ನೆಲಗಟ್ಟಿನ ಮೂಲಕ ಮೆಲ್ಲನೆ ಕೆಳಕ್ಕಿಳಿಯುತ್ತದೆ. ಕೆಲವೇ ವರ್ಷಗಳಲ್ಲಿ ಮನೆ ವಾಲುತ್ತದೆ. 1942ರಲ್ಲಿ ಅಮೆರಿಕದ ಸೇನೆ ಅಲಾಸ್ಕಕ್ಕೆ ಹೆದ್ದಾರಿ ಹಾಕುವಾಗ ಮೇಲಿನ ಪಾಚಿಯ ಹೊದಿಕೆಯನ್ನು ಬುಲ್‌ಡೋಜರಿನಿಂದ ಕೆರೆದುಹಾಕಿತು. ಹೊದಿಕೆ ಹೋದ ನೆಲ ಬಿಸಿಲಿಗೆ ಕರಗಿ ಲಾರಿಗಳು ಕೆಸರಿನಲ್ಲಿ ಹೂತವು. ಈ ಪೆಟ್ಟು ತಿಂದ ಮೇಲೆಯೇ ಅಮೆರಿಕನ್ನರು ಈ ವಿಷಯದಲ್ಲಿ ರಷ್ಯನ್ನರ ಬರಹಗಳನ್ನು ಗಂಭೀರವಾಗಿ ಓದತೊಡಗಿದರು.

ಪರಿಹಾರದ ಕಥೆಯಲ್ಲಿ ಮುಖ್ಯವಾದ ಊರು ನಾರಿಲ್ಸ್ಕ್. ಉತ್ತರ ಧ್ರುವವೃತ್ತದ ಆಚೆ ನಿಕ್ಕಲ್ ಗಣಿಗಾಗಿ ಕೈದಿಗಳ ದುಡಿಮೆಯಿಂದ ಎದ್ದ ನಗರವಿದು. ಅಲ್ಲಿಗೆ ಸ್ಟಾಲಿನ್ ಕಾಲದ ಕೈದಿಯಾಗಿ ಬಂದವರಲ್ಲಿ ಕೊರಿಯ ಮೂಲದ ಇಂಜಿನಿಯರ್ ಮಿಖಾಯಿಲ್ ಕಿಮ್ ಒಬ್ಬರು. ಅಲ್ಲಿಯವರೆಗೆ ದೊಡ್ಡ ಕಟ್ಟಡಗಳಿಗೆ ಹೆಪ್ಪು ನೆಲವನ್ನು ಬಂಡೆಯವರೆಗೂ ಅಗೆಯಬೇಕಾಗಿತ್ತು. ಕಿಮ್ ಮತ್ತು ಸಂಗಡಿಗರು ನೆಲದಲ್ಲಿ ರಂಧ್ರ ಕೊರೆದು, ಕಾಂಕ್ರೀಟು ಕಂಬ ಇಳಿಸಿ, ಸುತ್ತ ಮಣ್ಣಿನ ಗಂಜಿ ಸುರಿದು ಬಿಡುವ ವಿಧಾನವನ್ನು ಬೆಳೆಸಿದರು. ಆ ಗಂಜಿ ಹೆಪ್ಪುಗಟ್ಟಿ ಕಂಬವನ್ನು ಸುತ್ತಲಿನ ನೆಲಕ್ಕೆ ಬೆಸೆದುಬಿಡುತ್ತದೆ. ಸಿಮೆಂಟಿನ ಕೆಲಸವನ್ನು ಚಳಿಯೇ ಮಾಡಿಕೊಡುತ್ತದೆ ಎನ್ನಬಹುದು.

ಆದರೆ ಚಳಿ ಉಪಕಾರಿಯಷ್ಟೇ ಅಲ್ಲ. ಬೇಸಿಗೆಯಲ್ಲಿ ಕರಗಿದ ಮೇಲ್ಪದರ ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುವಾಗ ಉಬ್ಬಿ, ಕಂಬವನ್ನು ಹಿಡಿದು ಮೇಲಕ್ಕೆ ಕೀಳುತ್ತದೆ. ನಮ್ಮ ಎರೆಮಣ್ಣಿನ ಚೇಷ್ಟೆಯೇ ಇದು, ಕಾರಣ ಮಾತ್ರ ಬೇರೆ. ಆದ್ದರಿಂದ ಆಳದ ಹಿಡಿತ ಮೇಲಿನ ಎಳೆತವನ್ನು ಮೀರುವಂತೆ ಕಂಬವನ್ನು ಇಳಿಸಬೇಕು. ಇನ್ನು ಮನೆಯ ಶಾಖದ ಮಾತು: ಕಟ್ಟಡವನ್ನು ನೆಲಕ್ಕೆ ತಾಗಿಸದೆ ಕಂಬಗಳ ಮೇಲೆ ಎತ್ತಿ ನಿಲ್ಲಿಸಿ, ಅಡಿಯಲ್ಲಿ ಗಾಳಿಗೆ ದಾರಿ ಬಿಟ್ಟರು. ಚಳಿಗಾಲದ ಗಾಳಿ ಅಲ್ಲಿ ನುಗ್ಗಿ ನೆಲವನ್ನು ವರ್ಷವರ್ಷವೂ ಹೊಸದಾಗಿ ತಣಿಸುತ್ತದೆ. ಬಹುಮಹಡಿ ಮನೆಗಳು ಹೀಗೆ ನಿಂತವು. 1966ರಲ್ಲಿ ಈ ಕೆಲಸಕ್ಕೆ ಲೆನಿನ್ ಪ್ರಶಸ್ತಿ ಬಂದಿತು. ಕೈದಿಯಾಗಿ ಬಂದವರನ್ನು ಅದೇ ಸರಕಾರ ಸನ್ಮಾನಿಸಿತು.

ಭಾರತೀಯರ ಪಾಲಿಗೆ ಈ ಪಾಠ ದಕ್ಷಿಣ ಧ್ರುವಖಂಡದಲ್ಲಿ ಬಂದಿತು. 1983ರ ಡಿಸೆಂಬರಿನಲ್ಲಿ ಹರ್ಷ ಗುಪ್ತ ಅವರ ನಾಯಕತ್ವದಲ್ಲಿ ಗೋವೆಯಿಂದ ಹೊರಟ ಮೂರನೆಯ ತಂಡ ಅಲ್ಲಿ ‘ದಕ್ಷಿಣ ಗಂಗೋತ್ರಿ’ ಎಂಬ ನೆಲೆಯನ್ನು ಕಟ್ಟಿತು. ಆ ಖಂಡದಲ್ಲಿ ಮೊದಲು ಕಾಲಿಟ್ಟ ಭಾರತೀಯ ಮಹಿಳೆಯರಿಬ್ಬರು ಆ ತಂಡದಲ್ಲಿದ್ದರು: ಸುದೀಪ್ತಾ ಸೇನ್‌ಗುಪ್ತ ಮತ್ತು ಅದಿತಿ ಪಂತ್. ಅದಿತಿಯವರು ನಮ್ಮ ನಾಗಪುರದಲ್ಲಿಯೇ ಹುಟ್ಟಿದವರೆಂಬುದನ್ನು ಇಲ್ಲಿ ಹೇಳದಿರಲಾರೆ. ಆ ನೆಲೆಯ ಕೆಳಗಿದ್ದದ್ದು ಹೆಪ್ಪು ಮಣ್ಣಲ್ಲ, ಸಮುದ್ರದ ಮೇಲೆ ಚಾಚಿಕೊಂಡ ಬರಿಯ ಹಿಮದ ಹಾಸು. ಅಲ್ಲಿ ಕಟ್ಟಡ ಗಾಳಿಗೆ ಅಡ್ಡವಾದೊಡನೆ ಹಿಮ ಅದರ ಸುತ್ತ ರಾಶಿ ಬೀಳುತ್ತದೆ. ದಕ್ಷಿಣ ಗಂಗೋತ್ರಿ ವರ್ಷದಿಂದ ವರ್ಷಕ್ಕೆ ಹೂತುಹೋಗಿ 1990ರಲ್ಲಿ ಅದನ್ನು ಬಿಡಬೇಕಾಯಿತು. ಬ್ರಿಟಿಷರ ಹ್ಯಾಲಿ ನೆಲೆಗೂ ನಾಲ್ಕು ಬಾರಿ ಇದೇ ಗತಿಯಾಗಿ, ಐದನೆಯದನ್ನು ಅವರು ಜ್ಯಾಕ್ ಹಾಕಿ ಎತ್ತಬಲ್ಲ ಉಕ್ಕಿನ ಕಾಲುಗಳ ಮೇಲೆ ನಿಲ್ಲಿಸಿದರು. ನಮ್ಮವರು ಹಿಮವನ್ನೇ ಬಿಟ್ಟು, ಒಳನಾಡಿನ ಷಿರ್ಮಾಕರ್ ಎಂಬ ಬರಿಬಂಡೆಯ ಪ್ರದೇಶಕ್ಕೆ ಹೋಗಿ, 1989ರಲ್ಲಿ ‘ಮೈತ್ರಿ’ಯನ್ನು ಕಟ್ಟಿದರು. ಅದೂ ಉಕ್ಕಿನ ಕಾಲುಗಳ ಮೇಲೆಯೇ; ಹಿಮ ಹೊತ್ತ ಗಾಳಿ ಕೆಳಗೆ ಹಾಯ್ದು ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಆ ಸ್ಥಳಾಂತರ ಸೋಲಲ್ಲ, ಜಾಣತನ.

1974ರಿಂದ ಉಷ್ಣ ವಿದ್ಯುತ್ ಸ್ಥಾವರದ ನೆರಳಿನಲ್ಲಿ ಬಾಳುತ್ತಿರುವ ಕೋರಾಡಿಯವರು ಗಮನಿಸಬೇಕಾದ ಕೊನೆಯ ಸಂಗತಿಯೊಂದಿದೆ. 2020ರ ಮೇ 29ರಂದು, ಅದೇ ನಾರಿಲ್ಸ್ಕ್‌ನ ಉಷ್ಣ ವಿದ್ಯುತ್ ಸ್ಥಾವರವೊಂದರ ಡೀಸೆಲ್ ಟ್ಯಾಂಕಿನ ಕೆಳಗಿನ ಆಸರೆ ಕುಸಿಯಿತು. ಸುಮಾರು 21,000 ಟನ್ ಡೀಸೆಲ್ ಸೋರಿ ಅಂಬರ್ನಾಯಾ ನದಿ ಕೆಂಪಾಯಿತು. ಹವೆ ಬಿಸಿಯಾಗಿ ಹೆಪ್ಪು ನೆಲ ಕರಗಿದ್ದೇ ಕಾರಣವಿರಬೇಕೆಂದು ಕಂಪನಿ ಮೊದಲು ಹೇಳಿತು. ಆ ಸೀಮೆ ಬೆಚ್ಚಗಾಗುತ್ತಿರುವುದು ನಿಜವೇ. ಆದರೆ ಸರಕಾರಿ ತನಿಖೆ ಹೊರಗೆಡವಿದ್ದು ಪೈಲುಗಳ ವಿನ್ಯಾಸದಲ್ಲಿಯೂ ಕೆಲಸದಲ್ಲಿಯೂ ಇದ್ದ ದೋಷಗಳನ್ನು. 2021ರಲ್ಲಿ ಕಂಪನಿ 14,600 ಕೋಟಿ ರೂಬಲ್‌ಗೂ ಮಿಕ್ಕ ಪರಿಹಾರವನ್ನು ತೆತ್ತಿತು.