ಬೆತ್ತಲೆ ಮೈ, ಎದುರು ನೋಡುವ ಮುಖ

ನಗ್ನಚಿತ್ರ ಬೇರೆ, ನಗ್ನ ಭಾವಚಿತ್ರ ಬೇರೆ. ಮೊದಲನೆಯದಕ್ಕೆ ಒಂದು ಮೈ ಸಾಕು. ಎರಡನೆಯದಕ್ಕೆ ಆ ಮೈಯಲ್ಲಿ ಬದುಕುತ್ತಿರುವ ಒಬ್ಬ ವ್ಯಕ್ತಿ ಬೇಕು. ಫೋಟೊಗ್ರಫಿಯ ಚರಿತ್ರೆಯಲ್ಲಿ ಈ ವ್ಯತ್ಯಾಸ ನನಗೆ ನಿಚ್ಚಳವಾಗಿ ಕಂಡದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಇ. ಜೆ. ಬೆಲೋಕ್‌ನ ಚಿತ್ರಗಳಲ್ಲಿ.

ಬೆಲೋಕ್ (1873–1949) ಕಲಾವಿದನೆಂದು ಹೆಸರು ಮಾಡಿದವನಲ್ಲ. ಹಡಗು, ಯಂತ್ರಗಳ ಫೋಟೊ ತೆಗೆದು ಹೊಟ್ಟೆ ಹೊರೆದವನು. 1912ರ ಸುಮಾರಿಗೆ ಅವನು ಸ್ಟೋರಿವಿಲ್ ಎಂಬ ಕೇರಿಯ ಹೆಂಗಸರ ಚಿತ್ರ ತೆಗೆದ. 1897ರಲ್ಲಿ ನಗರಾಡಳಿತವೇ ವೇಶ್ಯಾವೃತ್ತಿಗೆಂದು ಗಡಿ ಹಾಕಿಕೊಟ್ಟ ಕೇರಿ ಅದು. 1917ರಲ್ಲಿ, ಯುದ್ಧದ ಹೊತ್ತಿನಲ್ಲಿ, ಬಾಗಿಲು ಮುಚ್ಚಿತು. ಅವನು ಸತ್ತ ಮೇಲೆ ಸಿಕ್ಕ ಗಾಜಿನ ಪ್ಲೇಟುಗಳನ್ನು ಲೀ ಫ್ರೀಡ್‌ಲ್ಯಾಂಡರ್ ಕೊಂಡು, ತಾನೇ ಮುದ್ರಿಸಿದ. 1970ರಲ್ಲಿ ಅವು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಗೋಡೆ ಏರಿದವು.

ಈ ಹೆಂಗಸರಲ್ಲಿ ಕೆಲವರು ಬೆತ್ತಲೆ, ಕೆಲವರು ಮೈತುಂಬ ಬಟ್ಟೆ ತೊಟ್ಟು ಹಬ್ಬಕ್ಕೆ ಹೊರಟವರಂತೆ ಇದ್ದಾರೆ. ಆದರೆ ಕೂರುವ ರೀತಿ ಒಂದೇ. ಪರಿಚಯದವನೊಬ್ಬ ಕ್ಯಾಮೆರಾ ಹಿಡಿದು ಬಂದಾಗ ಕೂತಂತೆ. ಒಬ್ಬಳಿಗೆ ನಗು, ಒಬ್ಬಳಿಗೆ ಬೇಸರ. ಫ್ರೀಡ್‌ಲ್ಯಾಂಡರ್ ಇಡೀ ಪ್ಲೇಟನ್ನು ಮುದ್ರಿಸಿದ್ದರಿಂದ ಹಿಂದೆ ಕಟ್ಟಿದ ಪರದೆಯ ಅಂಚು, ಅದರಾಚೆಯ ಮನೆಯ ಸಾಮಾನು ಕೂಡ ಕಾಣುತ್ತದೆ. ಅದೇ ಚಿತ್ರಕ್ಕೆ ಒಳ್ಳೆಯದಾಯಿತು: ಮೈಗೊಂದು ಮನೆ ಸಿಕ್ಕಿತು. (ಒಲ್ಲೆ ಎನ್ನುವ ಸ್ವಾತಂತ್ರ್ಯ ಅವರಿಗೆಷ್ಟಿತ್ತು ಎಂಬ ಪ್ರಶ್ನೆ, ಚಿತ್ರ ಚೆನ್ನಾಗಿದೆ ಎಂದ ಮಾತ್ರಕ್ಕೆ ಕರಗುವುದಿಲ್ಲ.) ಒಬ್ಬಳು ಮುಖವಾಡ ತೊಟ್ಟಿದ್ದಾಳೆ. ಅಲ್ಲಿ ಬೆಲೋಕ್ ಸೋಲುತ್ತಾನೆ. ಆ ಚಿತ್ರದಲ್ಲಿ ಉಳಿಯುವುದು ಬರಿಯ ಸರಕು.

ಹಾಗಾದರೆ ಮುಖ ಕಾಣದಿದ್ದರೆ ಚಿತ್ರ ಸೋತಂತೆಯೇ? ಎಡ್ವರ್ಡ್ ವೆಸ್ಟನ್ 1936ರಲ್ಲಿ ತೆಗೆದ ಕ್ಯಾರಿಸ್ ವಿಲ್ಸನ್‌ಳ ಚಿತ್ರ ಇದಕ್ಕೆ ಅಡ್ಡ ಬರುತ್ತದೆ. ಬಿಸಿಲಲ್ಲಿ, ಬಾಗಿಲ ಬಳಿ, ಮಂಡಿಯನ್ನು ತೋಳಲ್ಲಿ ಬಳಸಿ ತಲೆ ತಗ್ಗಿಸಿ ಕೂತಿದ್ದಾಳೆ. ಮುಖ ಕಾಣುವುದೇ ಇಲ್ಲ. ಬಲತೋಳಿನ ಮೇಲಿನ ನೆರಳು ವೆಸ್ಟನ್‌ಗೆ ಕೊನೆಗೂ ಹಿಡಿಸಲಿಲ್ಲ. ಅವಳಿಗೆ ಹಿಡಿಸದ್ದು ಸೊಟ್ಟ ಬೈತಲೆ ಮತ್ತು ಕೂದಲಿಗೆ ಸಿಕ್ಕಿಸಿದ ಪಿನ್ನು. ಎಷ್ಟೋ ವರ್ಷಗಳ ನಂತರ ಅವಳೇ ಇದನ್ನು ಬರೆದಳು. ನನಗಂತೂ ಆ ಪಿನ್ನುಗಳೇ ಮುಖ್ಯ. ಅವಿಲ್ಲದಿದ್ದರೆ ಆ ಮೈ ವೆಸ್ಟನ್ನನ ಹೆಸರುವಾಸಿ ದಪ್ಪಮೆಣಸಿನಕಾಯಿಯ ಚಿತ್ರದ ಹಾಗೆ ಒಂದು ಸುಂದರ ಆಕಾರವಷ್ಟೇ ಆಗುತ್ತಿತ್ತು. ಆ ಬೆಳಿಗ್ಗೆ ಅವಸರದಲ್ಲಿ ತಲೆ ಬಾಚಿಕೊಂಡವಳೊಬ್ಬಳಿದ್ದಾಳೆಂದು ಹೇಳುವುದು ಅವೇ.

ಬೆಲೋಕ್‌ನ ಕೆಲವು ಪ್ಲೇಟುಗಳಲ್ಲಿ ಮುಖವನ್ನು ಮಾತ್ರ ಗೀರಿ ಕೆರೆದು ಅಳಿಸಲಾಗಿದೆ. ಕೆರೆದ ಕೈ ಯಾರದೆಂದು ಇಂದಿಗೂ ವಾದವಿದೆ. ಅಂಥ ಚಿತ್ರದ ಮುಂದೆ ನಿಂತಾಗ ಕಣ್ಣು ಮೈಮೇಲೆ ನಿಲ್ಲುವುದಿಲ್ಲ. ಆ ಕಪ್ಪು ಗೀರುಗಳಿಗೇ ಮತ್ತೆ ಮತ್ತೆ ಹೋಗುತ್ತದೆ.