ಅಯಾನುಮಂಡಲವನ್ನು ಕಲಕುವ ಗಾಳಿಯ ಅಲೆಗಳು

ದಕ್ಷಿಣ ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಟೋಂಗಾದಲ್ಲಿ 2022ರ ಜನವರಿ 15ರಂದು ಸಮುದ್ರದೊಳಗಿನ ಜ್ವಾಲಾಮುಖಿಯೊಂದು ಸ್ಫೋಟಿಸಿತು. ಬೂದಿ ಮತ್ತು ಹಬೆ ಸುಮಾರು 57 ಕಿ.ಮೀ. ಎತ್ತರಕ್ಕೆ ಚಿಮ್ಮಿದವು. ಆದರೆ ಸ್ಫೋಟದ ಪ್ರಭಾವ ಅದಕ್ಕೂ ಬಹಳ ಮೇಲಕ್ಕೆ, ಅಯಾನುಮಂಡಲದವರೆಗೆ ವ್ಯಾಪಿಸಿತು. ಸಾವಿರಾರು ಕಿ.ಮೀ. ದೂರದ ಜಪಾನಿನ ಜಿಪಿಎಸ್ ಗ್ರಾಹಕಗಳಲ್ಲೂ ಈ ಕ್ಷೋಭೆ ದಾಖಲಾಯಿತು.

ಏನಿದು ಗುರುತ್ವ ಅಲೆ?: ಮೇಲಕ್ಕೆ ತಳ್ಳಲ್ಪಟ್ಟ ಗಾಳಿ ತಣಿದು, ಸುತ್ತಲಿನ ಗಾಳಿಗಿಂತ ಭಾರವಾಗಿ ಕೆಳಗಿಳಿಯುತ್ತದೆ. ಇಳಿಯುವ ರಭಸದಲ್ಲಿ ತನ್ನ ನೆಲೆಯನ್ನು ದಾಟಿ, ಪುನಃ ಮೇಲೇರುತ್ತದೆ. ಈ ಓಲಾಟವೇ ಅಲೆಯಾಗಿ ಹರಡುತ್ತದೆ. ಗುಡುಗು ಮೋಡ, ಚಂಡಮಾರುತ, ಪರ್ವತಕ್ಕೆ ಬಡಿಯುವ ಗಾಳಿ, ಸುನಾಮಿ ಇವೆಲ್ಲವೂ ಇಂತಹ ಅಲೆಗಳಿಗೆ ಜನ್ಮ ನೀಡಬಲ್ಲವು. ಐನ್‌ಸ್ಟೀನ್ ಪ್ರತಿಪಾದಿಸಿದ ಗುರುತ್ವಾಕರ್ಷಣ ತರಂಗಗಳಿಗೂ ಇವಕ್ಕೂ ಸಂಬಂಧವಿಲ್ಲ.

ಏರಿದಂತೆ ಹಿಗ್ಗುವ ಅಲೆ: ನೂರು ಕಿ.ಮೀ. ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲಮಟ್ಟದ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಅದೇ ಶಕ್ತಿ ಅಷ್ಟು ತೆಳುವಾದ ಗಾಳಿಯನ್ನು ಅಲುಗಿಸುವುದರಿಂದ, ನೆಲದ ಬಳಿ ಅರಿವಿಗೇ ಬಾರದ ಅಲೆಯೂ ಮೇಲೆ ದೈತ್ಯಾಕಾರ ತಾಳುತ್ತದೆ. ಅಯಾನುಮಂಡಲದ ಚಲನೆಗಳಿಗೆ ಈ ವಿವರಣೆಯನ್ನು ಕೆನಡಾದ ವಿಜ್ಞಾನಿ ಕಾಲಿನ್ ಹೈನ್ಸ್ 1960ರಲ್ಲಿ ಮಂಡಿಸಿದರು.

ಅಲ್ಲಿ ಗಾಳಿಯ ಕಣಗಳು ಅಯಾನುಗಳಿಗೆ ಡಿಕ್ಕಿ ಹೊಡೆದು, ಅವನ್ನು ಭೂಕಾಂತ ರೇಖೆಗಳ ಗುಂಟ ತಳ್ಳುತ್ತವೆ. ಪರಿಣಾಮವಾಗಿ ಎಲೆಕ್ಟ್ರಾನುಗಳು ದಟ್ಟ ಮತ್ತು ವಿರಳ ಪಟ್ಟಿಗಳಾಗಿ ಸಾಗುತ್ತವೆ. ಇವುಗಳನ್ನು ಹಾದುಬರುವ ಉಪಗ್ರಹ ಸಂಕೇತದ ವಿಳಂಬ ಕ್ಷಣಕ್ಷಣಕ್ಕೂ ಬದಲಾಗಿ, ಸ್ಥಳನಿರ್ಣಯದಲ್ಲಿ ದೋಷ ಉಂಟಾಗುತ್ತದೆ.

ಭಾರತಕ್ಕೇಕೆ ಮುಖ್ಯ?: ಭೂಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಈ ವಲಯದಲ್ಲಿ ಸೂರ್ಯಾಸ್ತದ ನಂತರ ಅಯಾನುಮಂಡಲದಲ್ಲಿ ಎಲೆಕ್ಟ್ರಾನು ವಿರಳವಾದ 'ಗುಳ್ಳೆ'ಗಳು ಏಳುತ್ತವೆ. ಇವಕ್ಕೆ ಗುರುತ್ವ ಅಲೆಗಳೂ ಬೀಜವಾಗಬಲ್ಲವು. ವಿಮಾನಗಳಿಗೆ ಮಾರ್ಗದರ್ಶನ ನೀಡುವ, ಬೆಂಗಳೂರಿನಲ್ಲಿ ನಿಯಂತ್ರಣ ಕೇಂದ್ರವಿರುವ 'ಗಗನ್' ವ್ಯವಸ್ಥೆ ಅಯಾನುಮಂಡಲದ ವಿಳಂಬವನ್ನು ಸತತವಾಗಿ ಅಳೆದು ತಿದ್ದುಪಡಿ ಕಳುಹಿಸುವುದು ಈ ಕಾರಣಕ್ಕಾಗಿಯೇ.

ಎಚ್ಚರಿಕೆಯ ಗಂಟೆ: ತೊಂದರೆ ಕೊಡುವ ಈ ಅಲೆಗಳಿಂದ ಉಪಕಾರವೂ ಉಂಟು. 2004ರ ಡಿಸೆಂಬರ್ 26ರ ಸುನಾಮಿ ತೆರೆದ ಸಮುದ್ರದಲ್ಲಿ ಒಂದು ಮೀಟರನ್ನೂ ಮೀರದ ಉಬ್ಬಾಗಿತ್ತು. ಆದರೂ ಅದು ಅಯಾನುಮಂಡಲದಲ್ಲಿ ಮೂಡಿಸಿದ್ದ ಗುರುತು ಜಿಪಿಎಸ್ ದಾಖಲೆಗಳಲ್ಲಿ ಆಮೇಲೆ ಪತ್ತೆಯಾಯಿತು. ಅಂತಹ ಗುರುತನ್ನು ಸುನಾಮಿ ದಡ ಸೇರುವ ಮುನ್ನವೇ ಓದುವ ಉದ್ದೇಶದಿಂದ ಅಮೆರಿಕದ ನಾಸಾ ಸಂಸ್ಥೆ 'ಗಾರ್ಡಿಯನ್' ಎಂಬ ವ್ಯವಸ್ಥೆಯನ್ನು ರೂಪಿಸಿದೆ.